‘ಅದೇ ಮಾತ್ರೆ ಮುಂದುವರಿಸಿ’: ಫಿಟ್ಸ್ ಮಾತ್ರೆ ಬರೆದುಕೊಡುವವರಿಗೆ ಒಂದು ಬಹಿರಂಗ ಪತ್ರ

ಗೆ,
ಉತ್ತರ ಕನ್ನಡ ಜಿಲ್ಲೆಯ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳು,
ಹಾಗೂ ಜಿಲ್ಲೆಯಲ್ಲಿ ಮೂರ್ಛೆರೋಗಕ್ಕೆ ಔಷಧಿ ಕೊಡುವ ಎಲ್ಲ ವೈದ್ಯರು

ವಿಷಯ: ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಅದರ ಅಡ್ಡಪರಿಣಾಮ ತಿಳಿಸುವುದು ಮತ್ತು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ಬಗ್ಗೆ.

ಮಾನ್ಯರೇ,

ನಾನು ಕುಮಟಾ ತಾಲೂಕಿನ ಒಂದು ಹಳ್ಳಿಯವಳು. ಬಟ್ಟೆ ಹೊಲಿದು ಬದುಕುತ್ತೇನೆ. ವಯಸ್ಸು ನಲವತ್ತಾಯಿತು. ಹದಿಮೂರನೇ ವಯಸ್ಸಿನಿಂದ ಫಿಟ್ಸ್ ಮಾತ್ರೆ ನುಂಗುತ್ತಾ ಬಂದಿದ್ದೇನೆ. ಈ ಪತ್ರ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಹಿಂದೆ ಮುಂದೆ ನೋಡಿದೆ. ನಮ್ಮ ಕಡೆ ಫಿಟ್ಸ್ ಇದೆ ಅಂತ ಹೇಳಿಕೊಳ್ಳುವುದು ಸುಲಭ ಅಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಇದನ್ನು ಓದಿ ಯಾರಾದರೂ ಮಾತ್ರೆ ಬಿಟ್ಟುಬಿಟ್ಟರೆ?

ಅದಕ್ಕೇ ಮೊದಲ ಮಾತು ಇದು. ಫಿಟ್ಸ್ ಇರುವ ಅಣ್ಣ, ಅಕ್ಕ, ತಮ್ಮ, ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತು ರಾತ್ರಿಯ ಮಾತ್ರೆ ತಪ್ಪಿಸಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ನಿಲ್ಲದೇ ಹೋಗಬಹುದು. ಅದು ಜೀವಕ್ಕೇ ಅಪಾಯ. ಕಡಿಮೆ ಮಾಡುವುದಿದ್ದರೂ, ಬದಲಿಸುವುದಿದ್ದರೂ ಡಾಕ್ಟರ್ ಹೇಳಿದ ಹಾಗೆ, ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ಮಾಡಬೇಕು. ಮಾತ್ರೆಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಬದುಕಿದ್ದೇ ಅದರಿಂದ.

ನನಗೆ ಮೊದಲ ಸಲ ಫಿಟ್ಸ್ ಬಂದಿದ್ದು 1998ರ ಜೂನ್‌ನಲ್ಲಿ, ಶಾಲೆಯ ಪ್ರಾರ್ಥನೆಯ ಹೊತ್ತಿಗೆ. ಎಚ್ಚರ ಆದಾಗ ಅಂಗಳದ ಕೆಸರಲ್ಲಿ ಮಲಗಿದ್ದೆ. ಕೈಯಲ್ಲಿ ಯಾರದೋ ಸೈಕಲ್ಲಿನ ಕೀಲಿಕೈ ಇತ್ತು. ಬಾಯಲ್ಲಿ ರಕ್ತದ ರುಚಿ. ಆಯಿ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದಳು, ತಾಯತ ಕಟ್ಟಿಸಿದಳು, ಯಾರೋ ಹೇಳಿದರು ಅಂತ ನಾಟಿ ಔಷಧಿಯನ್ನೂ ಮಾಡಿಸಿದಳು. ಆರು ತಿಂಗಳಲ್ಲಿ ಒಂಬತ್ತು ಸಲ ಬಿದ್ದೆ. ಒಂದು ಸಲ ಬಿದ್ದದ್ದು ಒಲೆಯ ಹತ್ತಿರ. ಎಡಗೈ ಮೇಲೆ ಆ ಸುಟ್ಟ ಕಲೆ ಇವತ್ತಿಗೂ ಇದೆ. ಆಮೇಲೆ ಅಪ್ಪ ಹಠ ಹಿಡಿದು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಫಿನೈಟೋಯಿನ್ ಮಾತ್ರೆ ಕೊಟ್ಟರು, ಜೊತೆಗೆ ಫಿನೋಬಾರ್ಬಿಟಾಲ್. ಬೀಳುವುದು ಕಡಿಮೆ ಆಯಿತು. 2006ರ ನಂತರ ವರ್ಷಗಟ್ಟಲೆ ಒಂದೂ ಬರಲಿಲ್ಲ. ಆ ಡಾಕ್ಟರಿಗೆ ನಮ್ಮ ಮನೆಯವರೆಲ್ಲ ಇವತ್ತಿಗೂ ಕೈ ಮುಗಿಯುತ್ತೇವೆ.

ಆದರೆ ಅಲ್ಲಿಂದ ಮುಂದೆ ಏನಾಯಿತು ಅಂತ ನೀವು ಕೇಳಬೇಕು.

ನನ್ನ ಹತ್ತಿರ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಡಾಕ್ಟರ್ ಚೀಟಿಗಳನ್ನೆಲ್ಲ ಆಯಿ ಅದರಲ್ಲೇ ಹಾಕಿಡುತ್ತಿದ್ದಳು. ಮೊನ್ನೆ ಎಲ್ಲವನ್ನೂ ಚಾಪೆಯ ಮೇಲೆ ಹರವಿ ವರ್ಷದ ಪ್ರಕಾರ ಜೋಡಿಸಿದೆ. ಮಳೆಗಾಲದ ಥಂಡಿಗೆ ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು. 1999ರಿಂದ 2023ರ ತನಕ ಒಟ್ಟು 143 ಚೀಟಿ. ಅದರಲ್ಲಿ 131 ಚೀಟಿಯಲ್ಲಿ ಇರುವುದು ಒಂದೇ ಮಾತು. ಅದೇ ಮಾತ್ರೆ ಮುಂದುವರಿಸಿ. ಕೆಲವರು ಅಷ್ಟನ್ನೂ ಬರೆಯದೇ ಮೂರೇ ಇಂಗ್ಲಿಷ್ ಅಕ್ಷರ ಗೀಚಿದ್ದಾರೆ, ಸಿ.ಎಸ್.ಟಿ. ಅಂತ. ಅದರ ಅರ್ಥವೂ ಅದೇ ಅಂತ ಮೆಡಿಕಲ್ ಶಾಪಿನವರು ಹೇಳಿದರು. ನನ್ನ ತೂಕ ಬರೆದಿರುವುದು ಏಳು ಚೀಟಿಯಲ್ಲಿ. ರಕ್ತ ಪರೀಕ್ಷೆ ಮಾಡಿಸಿ ಅಂತ ಇರುವುದು ಮೂರರಲ್ಲಿ. ಒಸಡು, ಮೂಳೆ, ನಡಿಗೆ, ಮನಸ್ಸು. ಈ ಪದಗಳು 2023ರ ತನಕ ಒಂದು ಚೀಟಿಯಲ್ಲೂ ಇಲ್ಲ.

ಇದು ಒಬ್ಬ ಡಾಕ್ಟರ ತಪ್ಪು ಅಲ್ಲ. ಆ ಡಬ್ಬಿಯಲ್ಲಿ ಹನ್ನೊಂದು ಜನ ಡಾಕ್ಟರ ಕೈಬರಹ ಇದೆ. ಸರ್ಕಾರಿ ಇದೆ, ಖಾಸಗಿ ಇದೆ, ದೂರದ ಊರಿನ ದೊಡ್ಡ ಆಸ್ಪತ್ರೆಯದೂ ಇದೆ. ಯಾರ ಹೆಸರನ್ನೂ ನಾನು ಬರೆಯುವುದಿಲ್ಲ. ಹೊರಗೆ ಎಂಬತ್ತು ಜನ ಕೂತಿರುವಾಗ ಒಬ್ಬರಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ ಅಂತ ನನಗೂ ಗೊತ್ತು. ಆ ಎರಡು ನಿಮಿಷದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ‘ಫಿಟ್ಸ್ ಬಂದಿಲ್ಲ ಅಲ್ವಾ?’ ಇಲ್ಲ ಅಂದರೆ ಪೆನ್ನು ಓಡುತ್ತಿತ್ತು.

ನನಗೆ ಹದಿನಾರು ತುಂಬುವ ಹೊತ್ತಿಗೆ ಒಸಡು ಬೆಳೆಯಲು ಶುರುವಾಯಿತು. ಮುಂದಿನ ಹಲ್ಲುಗಳ ಮೇಲೆ ಅರ್ಧದ ತನಕ ಇಳಿದು ಬಂತು. ಹಲ್ಲುಜ್ಜಿದರೆ ರಕ್ತ. ತುಟಿಯ ಮೇಲೆ ಕೂದಲು ದಟ್ಟವಾಯಿತು. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನಾನು ಮಾತ್ರ ಬಾಯಿ ಬಿಗಿ ಹಿಡಿದು ನಿಂತಿದ್ದೇನೆ. ಅಲ್ಲಿಂದ ಶುರುವಾದ ಅಭ್ಯಾಸ, ಮಾತಾಡುವಾಗ ವೇಲಿನ ತುದಿ ಬಾಯಿಗೆ ಅಡ್ಡ ಹಿಡಿಯುವುದು. ನೋಡಲು ಬಂದ ಗಂಡಿನ ಕಡೆಯವರು ಅದನ್ನೂ ಗಮನಿಸಿದರು. ಮದುವೆ ಆಗಲಿಲ್ಲ. ಆ ವಿಷಯ ಇಲ್ಲಿ ಬೇಡ.

ಹಲ್ಲಿನ ಡಾಕ್ಟರ ಹತ್ತಿರ ಎರಡು ಸಲ ಹೋಗಿ ಕೆರೆಸಿಕೊಂಡು ಬಂದೆ. ಸರಿಯಾಗಿ ಹಲ್ಲು ಉಜ್ಜುವುದಿಲ್ಲ ಅಂತ ಬೈಸಿಕೊಂಡೆ. ಮೂರನೇ ಸಲ ಬೇರೊಬ್ಬರ ಹತ್ತಿರ ಹೋದೆ. ಅವರು ಬಾಯಿಗೆ ಕನ್ನಡಿ ಹಿಡಿದವರು ಹಾಗೇ ನಿಲ್ಲಿಸಿ, ‘ಅಕ್ಕಾ, ನೀವು ಫಿಟ್ಸ್ ಮಾತ್ರೆ ತಗೊಳ್ತೀರಾ?’ ಅಂದರು. ನಾನು ಬೆಚ್ಚಿಬಿದ್ದೆ. ಇವರಿಗೆ ಹೇಗೆ ಗೊತ್ತಾಯಿತು? ಫಿನೈಟೋಯಿನ್ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಒಸಡು ಹೀಗೇ ಬೆಳೆಯುತ್ತದೆ, ಇದು ಪುಸ್ತಕದಲ್ಲೇ ಇರುವ ವಿಷಯ ಅಂದರು. ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಹದಿಮೂರು ವರ್ಷ ನಾನು ನನ್ನ ಬಾಯಿಯೇ ಕೆಟ್ಟದ್ದು ಅಂತ ಅಂದುಕೊಂಡಿದ್ದೆ.

ಫಿನೋಬಾರ್ಬಿಟಾಲ್ 1912ರಿಂದ ಫಿಟ್ಸ್‌ಗೆ ಬಳಕೆಯಲ್ಲಿದೆ. ಫಿನೈಟೋಯಿನ್ 1938ರಿಂದ. ನಮ್ಮ ಅಜ್ಜಿಯ ಕಾಲದ ಔಷಧಿಗಳು ಇವು. ಇವು ದೇಹಕ್ಕೆ ಏನು ಮಾಡುತ್ತವೆ ಅಂತ ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದೇ ಇರುವುದು ನುಂಗುವವರಿಗೆ ಮಾತ್ರ.

2019ರಲ್ಲಿ ತುಂಬಾ ವರ್ಷದ ನಂತರ ಒಂದು ಫಿಟ್ಸ್ ಬಂತು. ಜ್ವರ ಇತ್ತು, ನಿದ್ದೆ ಇರಲಿಲ್ಲ. ಮಾತ್ರೆ ಮೂರರಿಂದ ನಾಲ್ಕು ಮಾಡಿದರು. ಹತ್ತು ದಿನಕ್ಕೆ ಸೂಜಿಯ ಕಣ್ಣು ಎರಡೆರಡು ಕಾಣಲು ಶುರುವಾಯಿತು. ದಾರ ಪೋಣಿಸಲು ಆಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಡೆಯುವಾಗ ಓಲಾಡುತ್ತಿದ್ದೆ. ಒಬ್ಬ ಹೆಂಗಸು ಮಗುವನ್ನು ಪಕ್ಕಕ್ಕೆ ಎಳೆದುಕೊಂಡಳು. ನಾನು ಕುಡಿದಿದ್ದೇನೆ ಅಂದುಕೊಂಡಿರಬೇಕು. ಕೊನೆಗೆ ರಕ್ತ ತೆಗೆದು ಹೊರ ಊರಿನ ಲ್ಯಾಬಿಗೆ ಕಳಿಸಿದರು. ಫಿನೈಟೋಯಿನ್ ಮಟ್ಟ 10ರಿಂದ 20ರ ಒಳಗೆ ಇರಬೇಕು. ನನ್ನದು 31. ಇಪ್ಪತ್ತು ವರ್ಷದಲ್ಲಿ ಆ ಪರೀಕ್ಷೆ ಆಗಿದ್ದು ಅದೇ ಮೊದಲು. ಈ ಮಾತ್ರೆಯದು ಒಂದು ಗುಣ ಇದೆಯಂತೆ. ಒಂದು ಮಿತಿಯ ತನಕ ಲಿವರ್ ಅದನ್ನು ಕರಗಿಸುತ್ತದೆ. ಆ ಮಿತಿ ದಾಟಿದರೆ ಕೊಡ ತುಂಬಿದ ಹಾಗೆ. ಒಂದೇ ಲೋಟ ಜಾಸ್ತಿ ಹಾಕಿದರೂ ಉಕ್ಕುತ್ತದೆ, ರಕ್ತದಲ್ಲಿ ಅದರ ಮಟ್ಟ ಒಮ್ಮೆಲೇ ಏರುತ್ತದೆ. ಜಾಸ್ತಿ ಮಟ್ಟದಲ್ಲಿ ವರ್ಷಗಟ್ಟಲೆ ಉಳಿದರೆ ನಡಿಗೆ ಹಿಡಿತದಲ್ಲಿಡುವ ಮೆದುಳಿನ ಭಾಗವೇ ಸವೆಯಬಹುದು, ಆ ಓಲಾಟ ಪೂರ್ತಿ ವಾಸಿ ಆಗದೇ ಉಳಿಯಬಹುದು. ನನ್ನದು ಬೇಗ ಸಿಕ್ಕಿತು. ಸಿಗದೇ ಹೋದವರು ಎಷ್ಟು ಜನರೋ.

ಮೂಳೆಯ ವಿಷಯಕ್ಕೆ ಬರುತ್ತೇನೆ. 2023ರ ಆಷಾಢದಲ್ಲಿ ಬಚ್ಚಲ ಮೆಟ್ಟಿಲಲ್ಲಿ ಕಾಲು ಜಾರಿತು. ಒಂದೇ ಮೆಟ್ಟಿಲು. ಕೈ ಊರಿದೆ ಅಷ್ಟೇ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, ಇಷ್ಟು ಸಣ್ಣ ಬೀಳಿಗೆ ಹೀಗೆ ಮುರಿಯಬಾರದು ಅಂದರು. ಮೂಳೆಯ ಗಟ್ಟಿತನ ಅಳೆಯುವ ಸ್ಕ್ಯಾನ್ ಮಾಡಿಸಿದರು. ಅರವತ್ತೈದು ವರ್ಷದ ಹೆಂಗಸಿನ ಮೂಳೆ ಇದ್ದ ಹಾಗಿದೆ ಅಂದರು. ಆಗ ನನಗೆ ಮೂವತ್ತೆಂಟು. ವಿಟಮಿನ್ ಡಿ ಇಪ್ಪತ್ತಕ್ಕಿಂತ ಮೇಲೆ ಇರಬೇಕಿತ್ತು, ಇದ್ದದ್ದು ಒಂಬತ್ತು.

ನಾನು ಕೇಳಿದೆ. ದಿನಾ ಮೀನು ತಿನ್ನುವವಳು ನಾನು. ಬೇಸಿಗೆಯಲ್ಲಿ ಅಂಗಳದಲ್ಲಿ ನಿಂತು ಭತ್ತ ಒಣಗಿಸುವವಳು. ನಮ್ಮೂರಲ್ಲಿ ಬಿಸಿಲಿಗೆ ಬರವೇ? ನನಗೆ ಹೇಗೆ ವಿಟಮಿನ್ ಡಿ ಕಡಿಮೆ ಆಯಿತು? ಅವರು ಬಿಡಿಸಿ ಹೇಳಿದರು. ಫಿನೈಟೋಯಿನ್, ಫಿನೋಬಾರ್ಬಿಟಾಲ್, ಕಾರ್ಬಮಜೆಪಿನ್ ಅನ್ನುವ ಇನ್ನೊಂದು ಫಿಟ್ಸ್ ಮಾತ್ರೆ, ಈ ಮೂರೂ ಲಿವರಿನ ಕೆಲಸವನ್ನು ಜೋರು ಮಾಡುತ್ತವೆ. ಆ ಜೋರಿನಲ್ಲಿ ಲಿವರ್ ವಿಟಮಿನ್ ಡಿಯನ್ನೂ ಬೇಗ ಬೇಗ ಒಡೆದು ಹಾಕುತ್ತದೆ. ವಿಟಮಿನ್ ಡಿ ಇಲ್ಲದೇ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೂಳೆ ಒಳಗಿಂದ ಟೊಳ್ಳಾಗುತ್ತಾ ಹೋಗುತ್ತದೆ. ಫಿಟ್ಸ್ ಇರುವವರು ಬೀಳುವ ಸಂಭವ ಮೊದಲೇ ಜಾಸ್ತಿ. ಬೀಳುವವರ ಮೂಳೆಯೇ ಟೊಳ್ಳಾದರೆ ಏನು ಗತಿ ಅಂತ ನೀವೇ ಯೋಚಿಸಿ. ವರ್ಷಕ್ಕೊಂದು ರಕ್ತ ಪರೀಕ್ಷೆ, ಕಡಿಮೆ ಇದ್ದರೆ ವಿಟಮಿನ್ ಡಿ, ಕ್ಯಾಲ್ಸಿಯಂ. ಇಷ್ಟು ಸಾಕಿತ್ತು. ನನ್ನ ಬಲಗೈ ಈಗಲೂ ಪೂರ್ತಿ ತಿರುಗುವುದಿಲ್ಲ. ಕತ್ತರಿ ಹಿಡಿದು ದಪ್ಪ ಬಟ್ಟೆ ಕತ್ತರಿಸಲು ಆಗುವುದಿಲ್ಲ. ಹೊಲಿಗೆಯವಳಿಗೆ ಅದು ಅರ್ಧ ಸಂಪಾದನೆ.

ಆಸ್ಪತ್ರೆಯ ಸಾಲಿನಲ್ಲಿ ಕೂತರೆ ಬೇರೆಯವರ ಕಥೆಯೂ ಕಿವಿಗೆ ಬೀಳುತ್ತದೆ. ಅಂಕೋಲಾ ಕಡೆಯ ಒಬ್ಬ ಮೀನುಗಾರ ತಮ್ಮ ಸಿಕ್ಕಿದ್ದ. ರಾತ್ರಿ ಮಾತ್ರೆ ನುಂಗಿದರೆ ಬೆಳಗಿನ ಜಾವ ಮೂರಕ್ಕೆ ಕಣ್ಣು ಬಿಡಲು ಆಗುವುದಿಲ್ಲ. ದೋಣಿ ಹೊರಡುವುದೇ ಆಗ. ಹಾಗಾಗಿ ಸಮುದ್ರಕ್ಕೆ ಹೋಗುವ ದಿನ ಮಾತ್ರೆ ಬಿಡುತ್ತಿದ್ದ. ಡಾಕ್ಟರಿಗೆ ಹೇಳಿರಲಿಲ್ಲ. ಕೇಳಿದರೆ ಬೈಯುತ್ತಾರೆ ಅಂತ ಹೆದರಿಕೆ. ಒಂದು ದಿನ ಬಲೆ ಎಳೆಯುವಾಗಲೇ ಫಿಟ್ಸ್ ಬಂತು. ಜೊತೆಯವರು ಸೊಂಟ ಹಿಡಿದುಕೊಳ್ಳದಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ. ಶಿರಸಿ ಕಡೆಯ ಒಬ್ಬರು ಅಡಿಕೆ ಮರ ಹತ್ತುವವರು, ಕೊನೆ ಕೊಯ್ಯುವವರು. ಅವರೂ ಸುಗ್ಗಿಯಲ್ಲಿ ತಲೆ ತಿರುಗುತ್ತದೆ ಅಂತ ಮಾತ್ರೆ ಅರ್ಧ ಮಾಡಿಕೊಂಡಿದ್ದರು. ಫಿಟ್ಸ್ ಇರುವವರು ಮರ ಹತ್ತಬಾರದು ಅನ್ನುವುದು ಸರಿ. ಹತ್ತದಿದ್ದರೆ ಊಟ ಎಲ್ಲಿಂದ ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಡ್ಡಪರಿಣಾಮ ಹೇಳಿದರೆ ಹೆದರಿ ಮಾತ್ರೆ ಬಿಡುತ್ತಾರೆ ಅಂತ ಒಬ್ಬ ಹಿರಿಯ ಡಾಕ್ಟರು ನನಗೆ ಹೇಳಿದ್ದರು. ಅವರ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ನಾನು ಕಂಡಿದ್ದು ಬೇರೆ. ಹೇಳಿದ್ದಕ್ಕೆ ಬಿಟ್ಟವರು ನನಗೆ ಇವತ್ತಿನ ತನಕ ಒಬ್ಬರೂ ಸಿಕ್ಕಿಲ್ಲ. ಹೇಳದೇ ಇದ್ದದ್ದಕ್ಕೆ ಬಿಟ್ಟವರು ತುಂಬಾ ಜನ ಸಿಕ್ಕಿದ್ದಾರೆ. ಮೈಯಲ್ಲಿ ಏನೋ ಬದಲಾಗುತ್ತದೆ. ಯಾಕೆ ಅಂತ ಗೊತ್ತಾಗುವುದಿಲ್ಲ. ಕೇಳಲು ಧೈರ್ಯ ಇಲ್ಲ. ಆಗ ಸುಮ್ನೆ ಬಿಟ್ಟುಬಿಡುತ್ತಾರೆ.

ಹೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ. ಕೈ ಮುರಿದ ಮೇಲೆ ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಡಾಕ್ಟರಮ್ಮ ನನ್ನ ಡಬ್ಬಿಯನ್ನು ನೋಡಿದರು. ಪೆನ್ನು ಕೆಳಗಿಟ್ಟು ಕೇಳಿದರು. ನಡೆಯುವಾಗ ಓಲಾಡುತ್ತೀರಾ? ಒಸಡು ತೋರಿಸಿ. ಮೈ ಮೇಲೆ ಯಾವಾಗಲಾದರೂ ದದ್ದು ಎದ್ದಿತ್ತಾ? ಮುಟ್ಟು ಸರಿಯಾಗಿ ಬರುತ್ತಾ? ಮನಸ್ಸು ಹೇಗಿರುತ್ತದೆ? ಐದೇ ಪ್ರಶ್ನೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಕೊನೆಯ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಇಪ್ಪತ್ತೈದು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

ಅವರು ನರರೋಗ ತಜ್ಞರ ಹತ್ತಿರ ಕಳಿಸಿದರು. ಆರು ತಿಂಗಳಲ್ಲಿ ನಿಧಾನವಾಗಿ ಹಳೆಯ ಮಾತ್ರೆ ಇಳಿಸಿ ಲೆವೆಟಿರಾಸೆಟಮ್‌ಗೆ ತಂದರು. ಬರೆದುಕೊಡುವಾಗ ತಜ್ಞರು ಒಂದು ಮಾತು ಹೇಳಿದರು. ‘ಈ ಮಾತ್ರೆಯಿಂದ ಕೆಲವರಿಗೆ ಸಿಟ್ಟು ಜಾಸ್ತಿ ಆಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಹಾಗಾದರೆ ಮಾತ್ರೆ ಬಿಡಬೇಡಿ, ಫೋನ್ ಮಾಡಿ.’ ಮೂರು ವಾರ ಕಳೆದಿರಬಹುದು. ಆಯಿಯ ಕೈಯಿಂದ ಸೌಟು ಜಾರಿ ಬಿತ್ತು. ಎಪ್ಪತ್ತು ದಾಟಿದ ಮುದುಕಿ ಅವಳು. ನಾನು ಕೂಗಾಡಿಬಿಟ್ಟೆ. ಅವಳು ಗೋಡೆಗೆ ಒರಗಿ ನಿಂತು ನನ್ನ ಮುಖ ನೋಡಿದಳು. ಆಗಲೇ ಆ ಮಾತು ನೆನಪಾಯಿತು. ಫೋನ್ ಮಾಡಿದೆ. ಪ್ರಮಾಣ ಸ್ವಲ್ಪ ಇಳಿಸಿದರು. ಸರಿಯಾಯಿತು. ಆ ಮಾತು ಹೇಳಿರದಿದ್ದರೆ ನಾನು ನನ್ನ ಸ್ವಭಾವವೇ ಕೆಟ್ಟಿತು ಅಂತ ಅಂದುಕೊಳ್ಳುತ್ತಿದ್ದೆ, ಒಸಡಿನ ವಿಷಯದಲ್ಲಿ ಅಂದುಕೊಂಡ ಹಾಗೆ.

ಇಷ್ಟೂ ನನ್ನ ಕಥೆ. ನನ್ನದು ಆದದ್ದು ಆಯಿತು. ನಾನು ಪತ್ರ ಬರೆಯಲು ಕೂತಿದ್ದು ಒಂದು ಹುಡುಗಿಗಾಗಿ.

ನಮ್ಮ ಕೇರಿಯವಳು. ಹೆಸರು ಬೇಡ. ಇಪ್ಪತ್ತು ವರ್ಷ. ಆರು ವರ್ಷದಿಂದ ಫಿಟ್ಸ್‌ಗೆ ಸೋಡಿಯಂ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದಾಳೆ. ಅವಳ ಚೀಟಿಗಳಲ್ಲೂ ಅದೇ ಮುಂದುವರಿಸಿ ಅಂತ ಇದೆ. ತೂಕ ಏರಿದೆ, ಕೂದಲು ಉದುರುತ್ತದೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಬರುವ ವೈಶಾಖದಲ್ಲಿ ಮದುವೆ. ಗಂಡಿನ ಮನೆಯವರಿಗೆ ಹೇಳಿಲ್ಲ. ಮದುವೆಯ ಹಿಂದಿನ ವಾರದಿಂದ ಮಾತ್ರೆ ಬಿಟ್ಟುಬಿಡುತ್ತೇನೆ, ಅಲ್ಲಿ ಯಾರ ಕಣ್ಣಿಗೂ ಬೀಳಬಾರದು ಅಂತ ನನಗೆ ಗುಟ್ಟಾಗಿ ಹೇಳಿದಳು. ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ನನ್ನ ಕೈಯಲ್ಲಿದ್ದ ಟೇಪು ಹಾಗೇ ನಿಂತಿತು.

ಅವಳಿಗೆ ಯಾರೂ ಹೇಳಿಲ್ಲದ ವಿಷಯ ಇಲ್ಲಿ ಬರೆಯುತ್ತೇನೆ. ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಅವಳಂಥ ಹುಡುಗಿಯರು ಇನ್ನೂ ಇರುತ್ತಾರೆ. ವಾಲ್‌ಪ್ರೊಯೇಟ್ ಒಳ್ಳೆಯ ಔಷಧಿ, ಕೆಲವು ಬಗೆಯ ಫಿಟ್ಸ್‌ಗೆ ಅದರಷ್ಟು ಬೇರೆ ಯಾವುದೂ ಕೆಲಸ ಮಾಡುವುದಿಲ್ಲ. ಆದರೆ ತಾಯಿ ಬಸುರಿಯಾಗಿದ್ದಾಗ ಅದನ್ನು ತೆಗೆದುಕೊಂಡರೆ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನಿಂದಲೇ ದೋಷ ಬರುತ್ತದೆ. ಬೆನ್ನುಹುರಿಯದು, ಹೃದಯದ್ದು, ತುಟಿ ಅಂಗುಳದ್ದು. ಸಾಮಾನ್ಯವಾಗಿ ಇದು ನೂರಕ್ಕೆ ಎರಡು ಮೂರು. ಅಷ್ಟೇ ಅಲ್ಲ, ನೂರರಲ್ಲಿ ಮೂವತ್ತರಿಂದ ನಲವತ್ತು ಮಕ್ಕಳಿಗೆ ಮಾತು, ನಡಿಗೆ, ಕಲಿಕೆ ಹಿಂದೆ ಬೀಳುತ್ತದೆ. ಈ ಕಾರಣಕ್ಕೇ 2018ರಿಂದ ಬ್ರಿಟನ್ ಮತ್ತು ಯುರೋಪಿನಲ್ಲಿ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಲು ಕಟ್ಟುನಿಟ್ಟಾದ ನಿಯಮ ಮಾಡಿದ್ದಾರೆ. ಅಪಾಯ ವಿವರಿಸಬೇಕು, ಗರ್ಭ ನಿಲ್ಲದ ಹಾಗೆ ವ್ಯವಸ್ಥೆ ಇರಬೇಕು, ವರ್ಷಕ್ಕೊಮ್ಮೆ ತಜ್ಞರು ಮತ್ತೆ ನೋಡಬೇಕು.

ಬಸುರಿ ಆದಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ. ಮುಟ್ಟು ತಪ್ಪಿದೆ ಅಂತ ಗೊತ್ತಾಗಿ, ಆಶಾ ಅಕ್ಕ ಮನೆಗೆ ಬಂದು, ತಾಯಿ ಕಾರ್ಡ್ ಕೈಗೆ ಸಿಗುವ ಹೊತ್ತಿಗೆ ಆ ನಾಲ್ಕು ವಾರ ಕಳೆದೇ ಹೋಗಿರುತ್ತದೆ. ಮಾತ್ರೆ ಬದಲಿಸುವುದು, ಫೋಲಿಕ್ ಆಸಿಡ್ ಶುರು ಮಾಡುವುದು, ಎಲ್ಲ ಮದುವೆಗೆ ಮುಂಚೆಯೇ ಯೋಚಿಸಬೇಕಾದದ್ದು. ಇನ್ನೊಂದು. ಫಿನೈಟೋಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್ ತೆಗೆದುಕೊಳ್ಳುವ ಹೆಂಗಸರಿಗೆ ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದೇ ಹೋಗಬಹುದು. ಮನೆ ಮನೆಗೆ ಆ ಮಾತ್ರೆ ಕೊಡುವ ಆಶಾ ಅಕ್ಕಂದಿರಿಗೆ ಇದನ್ನು ಯಾರಾದರೂ ಹೇಳಿದ್ದೀರಾ? ನಮ್ಮ ಆಶಾ ಅಕ್ಕನಿಗೆ ನಾನು ಹೇಳಿದಾಗ ಅವಳಿಗೆ ಅದು ಹೊಸ ಸುದ್ದಿ.

ಹುಡುಗಿಯ ಮನೆಯವರಿಗೆ, ಗಂಡಿನ ಮನೆಯವರಿಗೆ ಒಂದು ಮಾತು. ಫಿಟ್ಸ್ ಇದೆ ಅನ್ನುವ ಕಾರಣಕ್ಕೆ ಮದುವೆಗೆ ಅಡ್ಡಿ ಅನ್ನುವ ಮಾತು ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲು ಇತ್ತು. 1999ರಲ್ಲೇ ಅದನ್ನು ತೆಗೆದು ಹಾಕಿದ್ದಾರೆ. ಮುಚ್ಚಿಟ್ಟು ಮಾತ್ರೆ ಬಿಡಿಸಿ ಮಂಟಪಕ್ಕೆ ಕೂರಿಸಿದರೆ ಆ ಹುಡುಗಿಯ ಜೀವದ ಜೊತೆ ಆಟ ಆಡಿದ ಹಾಗೆ.

ಇನ್ನು ನಿಮ್ಮನ್ನು ಕೇಳಿಕೊಳ್ಳುವುದು.

ಫಿಟ್ಸ್ ಮಾತ್ರೆ ಶುರು ಮಾಡುವ ದಿನವೇ ಕನ್ನಡದಲ್ಲಿ ಒಂದು ಪುಟ ಕೈಗೆ ಕೊಡಿ. ಆ ಮಾತ್ರೆಯ ಹೆಸರು, ಅದು ಏನು ಮಾಡಬಹುದು, ಯಾವುದು ಕಂಡರೆ ಮುಂದಿನ ಭೇಟಿಯಲ್ಲಿ ಹೇಳಿದರೆ ಸಾಕು, ಯಾವುದು ಕಂಡರೆ ಅವತ್ತೇ ಓಡಿ ಬರಬೇಕು. ಮೈ ಮೇಲೆ ದದ್ದು, ಬಾಯಲ್ಲಿ ಹುಣ್ಣು, ಕಣ್ಣು ಹಳದಿ, ಸಾಯುವ ಯೋಚನೆ, ಇವು ಅವತ್ತೇ ಬರಬೇಕಾದವು. ಪುಟದ ತಲೆಯ ಮೇಲೂ ಬುಡದಲ್ಲೂ ದೊಡ್ಡದಾಗಿ ಬರೆಯಿರಿ, ಡಾಕ್ಟರನ್ನು ಕೇಳದೇ ಮಾತ್ರೆ ನಿಲ್ಲಿಸಬೇಡಿ ಅಂತ. ಓದಲು ಬಾರದವರಿಗೆ ನರ್ಸ್ ಓದಿ ಹೇಳಲಿ.

ವರ್ಷಕ್ಕೊಂದು ದಿನ ಪೂರ್ತಿ ತಪಾಸಣೆ ಇರಲಿ. ತೂಕ, ಒಸಡು, ನಡಿಗೆ, ಮನಸ್ಸು ನೋಡಲು ಯಂತ್ರ ಬೇಕಾಗಿಲ್ಲ. ಹಳೆಯ ಮಾತ್ರೆಗಳಲ್ಲಿ ಇರುವವರಿಗೆ ವಿಟಮಿನ್ ಡಿ, ಕ್ಯಾಲ್ಸಿಯಂ. ವಾಲ್‌ಪ್ರೊಯೇಟ್‌ನವರಿಗೆ ಲಿವರ್ ಮತ್ತು ರಕ್ತದ ಪರೀಕ್ಷೆ. ಫಿನೈಟೋಯಿನ್ ಜಾಸ್ತಿ ಮಾಡಿದಾಗ ರಕ್ತದಲ್ಲಿ ಅದರ ಮಟ್ಟ. ಯಾಕೆ ಇನ್ನೂ ಅದೇ ಮಾತ್ರೆ, ಕಡಿಮೆ ಮಾಡಬಹುದಾ, ಬದಲಿಸಬಹುದಾ ಅಂತ ಅವತ್ತು ಒಮ್ಮೆ ಯೋಚನೆ ಆಗಲಿ. ಲೆವೆಟಿರಾಸೆಟಮ್ ಈಗ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಅದು ತಾಲೂಕು ಆಸ್ಪತ್ರೆಯ ಕೌಂಟರಿನಲ್ಲೂ ಯಾವತ್ತೂ ಖಾಲಿ ಆಗದೇ ಸಿಗಲಿ.

ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕೇ ಒಂದು ಯೋಜನೆ ಶುರು ಮಾಡಿತು. ವರ್ಷಕ್ಕೊಮ್ಮೆಯ ಈ ತಪಾಸಣೆಯನ್ನು ಇವುಗಳ ಜೊತೆಗೇ ಸೇರಿಸಿ. ನರರೋಗ ತಜ್ಞರಿಗಾಗಿ ನಾವು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕು. ದಿನದ ಕೂಲಿ ಹೋಗುತ್ತದೆ, ಜೊತೆಗೆ ಒಬ್ಬರು ಬರಬೇಕು, ಘಟ್ಟದ ದಾರಿಯಲ್ಲಿ ವಾಂತಿ ಆಗಿ ನುಂಗಿದ ಮಾತ್ರೆಯೂ ಹೊರಗೆ. ರೋಗಿ ಹೋಗುವ ಬದಲು ರಕ್ತದ ಸ್ಯಾಂಪಲ್ ಹೋಗಲಿ. ತಜ್ಞರು ತಿಂಗಳಿಗೊಮ್ಮೆ ವಿಡಿಯೋದಲ್ಲಾದರೂ ಸಿಗಲಿ.

ಮಳೆಗಾಲದ ಮೊದಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನಿಮಗೂ ನೆನಪಿದೆ. ಆಗ ನನ್ನ ಸ್ಟ್ರಿಪ್‌ನಲ್ಲಿ ಉಳಿದದ್ದು ನಾಲ್ಕು ಮಾತ್ರೆ. ನಾಲ್ಕು ರಾತ್ರಿ ನಾನು ಎಣಿಸುತ್ತಾ ಮಲಗಿದ್ದೇನೆ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ, ಅದರಲ್ಲೂ ಫಿನೈಟೋಯಿನ್ ಆದರೆ, ರಕ್ತದ ಮಟ್ಟ ಏರುಪೇರಾಗುವ ಹೆದರಿಕೆ ಬೇರೆ.

ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ 2010ರಿಂದ ಇದೆ. ರೋಗಿಯೇ ನೇರವಾಗಿ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ಹೇಳಬಹುದು. ಈ ನಂಬರನ್ನು ಔಷಧಿ ಕೊಡುವ ಕಿಟಕಿಯ ಪಕ್ಕ ದೊಡ್ಡದಾಗಿ ಬರೆಸಿ.

ಆಗುವುದಿಲ್ಲ ಅಂತ ಹೇಳಬೇಡಿ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದಾಗ ನಿಮ್ಮ ಇಲಾಖೆಯವರೇ ಕಾಡಂಚಿನ ಮನೆಗಳಿಗೆ ನಡೆದು ಹೋಗಿ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಹಂಚಿದ್ದಾರೆ, ಎಚ್ಚರಿಕೆ ಹೇಳಿದ್ದಾರೆ. ನಾವು ಅಷ್ಟು ದೂರದವರೂ ಅಲ್ಲ. ಪ್ರತಿ ತಿಂಗಳು ನಿಮ್ಮ ಬಾಗಿಲಿಗೇ ಬಂದು ನಿಲ್ಲುವವರು. ಸರಿಯಾದ ಚಿಕಿತ್ಸೆ ಸಿಕ್ಕರೆ ಫಿಟ್ಸ್ ಇರುವ ನೂರರಲ್ಲಿ ಎಪ್ಪತ್ತು ಜನ ಫಿಟ್ಸ್ ಇಲ್ಲದೇ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆ ಎಪ್ಪತ್ತು ಜನ ಹಲ್ಲು, ಮೂಳೆ, ನೆಮ್ಮದಿ ಉಳಿಸಿಕೊಂಡೇ ಬದುಕಲಿ ಅಂತ ಕೇಳುತ್ತಿದ್ದೇನೆ.

ನವೆಂಬರ್ 17 ರಾಷ್ಟ್ರೀಯ ಅಪಸ್ಮಾರ ದಿನ, ಅಂದರೆ ಫಿಟ್ಸ್ ರೋಗದ ದಿನ. ಆ ಒಂದು ಪುಟ ಅಷ್ಟರೊಳಗೆ ಎಲ್ಲ ತಾಲೂಕಿಗೂ ತಲುಪಲಿ. ನಮ್ಮ ಡಾಕ್ಟರಮ್ಮನ ಸಹಾಯದಿಂದ ಅದರ ಕರಡು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ.

ಮಾತ್ರೆ ಬಿಡದೇ ಮೊದಲು ಡಾಕ್ಟರ ಹತ್ತಿರ ಬರಲು ಆ ಹುಡುಗಿಯನ್ನು ಒಪ್ಪಿಸಿದ್ದೇನೆ. ಅವಳ ತಾಯಿಯೂ ಒಪ್ಪಿದ್ದಾಳೆ. ಬರುವ ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಮೂವರೂ ಹೊರಡುತ್ತೇವೆ. ಅವಳ ಚೀಟಿಯನ್ನು ನೋಡುವ ಡಾಕ್ಟರು ಯಾರೇ ಇರಲಿ, ‘ಫಿಟ್ಸ್ ಬಂದಿಲ್ಲ ಅಲ್ವಾ?’ ಅಂತ ಕೇಳಿದ ಮೇಲೆ ಪೆನ್ನು ಎತ್ತುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ. ಅವಳು ತಾನಾಗಿ ಹೇಳುವುದಿಲ್ಲ, ನಾಚಿಕೆಯ ಹುಡುಗಿ. ಮದುವೆ ಯಾವಾಗ ಅಂತ ಕೇಳಿ.

ನಿಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ಹೊಲಿಗೆಯವಳು

(ಹೆಸರು ಹಾಕದ್ದಕ್ಕೆ ಕ್ಷಮಿಸಿ. ನನ್ನ ಹೆಸರು ಗೊತ್ತಾದರೆ ನಮ್ಮ ಕೇರಿಯ ಆ ಹುಡುಗಿ ಯಾರು ಅಂತಲೂ ಗೊತ್ತಾಗುತ್ತದೆ. ನಿಮಗೆ ಕಳಿಸಿದ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ ಎರಡೂ ಇವೆ.)